ನೌಕರಿಯ ದಾವೆಗಳಲ್ಲಿ ಮುದತಿನ ಆರಂಭ

ನೌಕರಿಯಿಂದ ತೆಗೆಯಲ್ಪಟ್ಟವನಾಗಲಿ, ಸಲ್ಲಬೇಕಾದ ಸಂಬಳ ಸಲ್ಲದೆ ನೊಂದವನಾಗಲಿ ವಕೀಲರ ಮನೆಯ ಮೆಟ್ಟಿಲು ಹತ್ತಿದಾಗ ಮೊದಲು ಕೇಳುವುದು, ದಾವೆ ಹೂಡಲು ತನಗೆ ಎಷ್ಟು ವರ್ಷಗಳ ಮುದತು ಇದೆ ಎಂಬುದನ್ನು. ಇದಕ್ಕೆ ಉತ್ತರ ಕೊಡುವುದು ಸುಲಭ. ಕಾಯಿದೆಯ ಪುಸ್ತಕವನ್ನು ತೆರೆದು ಅಂಕಿಯನ್ನು ಓದಿ ಹೇಳಿದರಾಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯಿದೆ: ಆ ವರ್ಷಗಳನ್ನು ಯಾವ ದಿನದಿಂದ ಎಣಿಸತಕ್ಕದ್ದು? ಆಜ್ಞೆಗೆ ಮೇಲಧಿಕಾರಿಯ ಸಹಿ ಬಿದ್ದ ದಿನದಿಂದಲೋ, ಅದು ನೌಕರನ ಕೈಸೇರಿದ ದಿನದಿಂದಲೋ, ಅವನು ಮಾಡಿಕೊಂಡ ಮೇಲ್ಮನವಿ ತಿರಸ್ಕೃತವಾದ ದಿನದಿಂದಲೋ, ಅಥವಾ ತನಗೆ ಅನ್ಯಾಯವಾಗಿದೆಯೆಂಬುದು ಅವನ ಅರಿವಿಗೆ ಬಂದ ದಿನದಿಂದಲೋ? ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಕೇಳದೆ ಹೋದುದರ ಫಲವಾಗಿ, ನ್ಯಾಯ ತಮ್ಮ ಪಾಲಿಗೆ ಇದ್ದೂ ಬರಿಗೈಯಲ್ಲಿ ಮರಳಿದ ನೌಕರರ ಕಥೆಗಳು ನಮ್ಮ ನ್ಯಾಯಾಲಯಗಳ ವರದಿಗ್ರಂಥಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಉದ್ಯೋಗವನ್ನರಸಿ ನಾಡನ್ನು ಬಿಟ್ಟು ಬಂದು ರೈಲ್ವೆಯಲ್ಲಿ, ಬ್ಯಾಂಕುಗಳಲ್ಲಿ, ಸರಕಾರಿ ಕಚೇರಿಗಳಲ್ಲಿ, ಕಾರಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಈ ವಿಷಯ ಕೇವಲ ಪಾಂಡಿತ್ಯದ್ದಲ್ಲವೆಂದು ನಂಬಿ ಇಲ್ಲಿ ಅದನ್ನು ಕೊಂಚ ವಿಸ್ತಾರವಾಗಿ ವಿವರಿಸಲಾಗಿದೆ.

ಮುದತಿನ ನಿಯಮಗಳಿಗೆ ನಮ್ಮಲ್ಲಿ ಮೂಲವಾದುದು ೧೯೬೩ನೆಯ ಇಸವಿಯ ಮುದತು ಕಾಯಿದೆ. ಇದು ೧೯೬೪ರ ಜನವರಿ ೧ರಂದು ಜಾರಿಗೆ ಬಂದಿತು. ಅದಕ್ಕೆ ಹಿಂದೆ ೧೯೦೮ರ ಕಾಯಿದೆ ನಡೆಯುತ್ತಿದ್ದಿತು. ಈ ಕಾಯಿದೆಯ ೩ನೆಯ ಕಲಮು ಬಹು ಕಠಿಣವಾದುದು. ಮುದತು ಮೀರಿ ಬಂದ ದಾವೆಯನ್ನು, ಪ್ರತಿವಾದಿಯು ಆ ಆಕ್ಷೇಪವನ್ನು ಎತ್ತದಿದ್ದರೂ, ನ್ಯಾಯಾಲಯವು ತಾನಾಗಿಯೇ ವಜಾ ಮಾಡತಕ್ಕದ್ದೆಂದು ಅದು ವಿಧಿಸುತ್ತದೆ. ೯ನೆಯ ಕಲಮಿನಂತೆ, ಕಾಲವು ಒಮ್ಮೆ ಓಡಲು ತೊಡಗಿತೆಂದರೆ ಆ ಮೇಲೆ ಬಂದೊದಗುವ ಯಾವ ಅಸಾಮರ್ಥ್ಯವೂ ಅದನ್ನು ನಿಲ್ಲಿಸಲಾರದು. ತಡವಾದುದಕ್ಕೆ ಸಾಕಷ್ಟು ಕಾರಣವಿದ್ದರೆ ಮನ್ನಿಸುವ ಅಧಿಕಾರವೊಂದನ್ನು ೫ನೆಯ ಕಲಮು ನ್ಯಾಯಾಲಯಕ್ಕೆ ಕೊಟ್ಟಿರುವುದು ನಿಜ. ಆದರೆ ಅದು ಅಪೀಲುಗಳಿಗೂ ಅರ್ಜಿಗಳಿಗೂ ಮಾತ್ರ ಅನ್ವಯಿಸುತ್ತದೆ, ಮೂಲ ದಾವೆಗೆ ಅನ್ವಯಿಸುವುದಿಲ್ಲ. ಕಾಯಿಲೆ ಬಿದ್ದಿದ್ದೆ, ಊರಲ್ಲಿರಲಿಲ್ಲ, ಹಣವಿರಲಿಲ್ಲ ಎಂಬ ಮಾತುಗಳು ದಾವೆಯ ಮಟ್ಟಿಗೆ ಕಿವಿಗೆ ಬೀಳುವಂತಿಲ್ಲ. ಆದಕಾರಣ ಮೊದಲ ದಿನ ಯಾವುದೆಂಬ ಪ್ರಶ್ನೆಯ ಮೇಲೆ ಎಷ್ಟೋ ಸಲ ಇಡೀ ಮೊಕದ್ದಮೆ ನಿಂತಿರುತ್ತದೆ.

ಕಾಯಿದೆಯ ಕೊನೆಗೆ ಜೋಡಿಸಿದ ಪರಿಶಿಷ್ಟದಲ್ಲಿ ಮೂರು ಅಂಕಣಗಳಿವೆ. ಮೊದಲನೆಯದರಲ್ಲಿ ದಾವೆಯ ಬಗೆ, ಎರಡನೆಯದರಲ್ಲಿ ಅವಧಿ, ಮೂರನೆಯದರಲ್ಲಿ ಆ ಅವಧಿ ಎಂದಿನಿಂದ ಓಡತೊಡಗುತ್ತದೆಂಬ ಸೂಚನೆ. ಸಂಬಳದ ದಾವೆಗೆ ೭ನೆಯ ಅನುಚ್ಛೇದದಂತೆ ಮೂರು ವರ್ಷ. ಆರಂಭ, ಸಂಬಳ ಸಲ್ಲತಕ್ಕ ದಿನದಿಂದ. ಹಡಗಿನ ಖಲಾಸಿಯ ಸಂಬಳಕ್ಕೂ ಮೂರೇ ವರ್ಷ, ಆದರೆ ೬ನೆಯ ಅನುಚ್ಛೇದವು ಎಣಿಕೆಯನ್ನು ಆರಂಭಿಸುವುದು ಆ ಸಂಬಳವನ್ನು ಗಳಿಸಿದ ಸಮುದ್ರಯಾನ ಮುಗಿದ ದಿನದಿಂದ. ನಡುಗಡಲಿನಲ್ಲಿರುವವನಿಗೆ ನ್ಯಾಯಾಲಯದ ಬಾಗಿಲು ಎಲ್ಲಿಂದ ಬರಬೇಕು! ಕಾಯಿದೆಯನ್ನು ಬರೆದವರು ಇಷ್ಟನ್ನು ಯೋಚಿಸಿದರೆಂಬುದು ಸಂತೋಷದ ಸಂಗತಿ. ಆದರೆ ಅದೇ ಜನ ೧೯೦೮ರ ಕಾಯಿದೆಯಲ್ಲಿ ಮನೆಯಾಳು, ಕುಶಲಕರ್ಮಿ, ಕೂಲಿಕಾರ ಇವರ ಸಂಬಳದ ದಾವೆಗೆ ಒಂದೇ ವರ್ಷದ ಅವಧಿಯನ್ನೂ ಉಳಿದವರಿಗೆ ಮೂರು ವರ್ಷವನ್ನೂ ಇಟ್ಟಿದ್ದರು. ಕಾಯಿದೆಯ ಪರಿಚಯ ಯಾರಿಗೆ ಎಲ್ಲಕ್ಕಿಂತ ಕಡಮೆಯೋ ಅವರಿಗೇ ಎಲ್ಲಕ್ಕಿಂತ ಕಡಮೆ ಅವಕಾಶವನ್ನು ಕೊಟ್ಟ ಆ ಭೇದವನ್ನು ೧೯೬೩ರ ಕಾಯಿದೆ ತೆಗೆದುಹಾಕಿತು.

ವಜಾ ಆಜ್ಞೆಯನ್ನು ರದ್ದುಗೊಳಿಸಿ ತಾನು ಇನ್ನೂ ನೌಕರಿಯಲ್ಲಿದ್ದೇನೆಂದು ಸಾರಬೇಕೆಂಬ ದಾವೆಗೆ ಪರಿಶಿಷ್ಟದಲ್ಲಿ ಪ್ರತ್ಯೇಕ ಹೆಸರಿಲ್ಲ. ಅಂಥ ದಾವೆ ೫೮ನೆಯ ಅಥವಾ ೧೧೩ನೆಯ ಅನುಚ್ಛೇದಕ್ಕೆ ಬರುತ್ತದೆ. ಎರಡರಲ್ಲೂ ಅವಧಿ ಮೂರು ವರ್ಷ. ದಾವೆ ಹೂಡುವ ಹಕ್ಕು ಹುಟ್ಟಿದ ದಿನದಿಂದ ಎಂದು ೧೧೩ನೆಯದು ಹೇಳಿದರೆ, ಆ ಹಕ್ಕು ಮೊಟ್ಟಮೊದಲು ಹುಟ್ಟಿದ ದಿನದಿಂದ ಎಂದು ೫೮ನೆಯದು ಹೇಳುತ್ತದೆ. ಈ ಹಕ್ಕಿನ ಹುಟ್ಟನ್ನೇ ನಮ್ಮ ಕೋರ್ಟಿನ ಭಾಷೆಯಲ್ಲಿ ವ್ಯಾಜ್ಯಕಾರಣ ಒದಗುವುದೆಂದು ಕರೆಯುವರು.

ವಜಾ ಎಂಬುದು ಒಂದೇ ಪೆಟ್ಟಿಗೆ ಮುಗಿಯುವ ಕಾರ್ಯ. ಹಾಗಿದ್ದರೂ ಅದು ಯಾವ ದಿನ ಮುಗಿಯಿತೆಂದು ಹೇಳುವುದು ಕೆಲವೊಮ್ಮೆ ಸುಲಭವಲ್ಲ. ಪಂಜಾಬ ರಾಜ್ಯ ಮತ್ತು ಅಮರಸಿಂಗ್ ಹರಿಕಾ ಎಂಬ ಮೊಕದ್ದಮೆಯಲ್ಲಿ ವಜಾ ಆಜ್ಞೆಯನ್ನು ೧೯೪೯ರ ಜೂನಿನಲ್ಲಿ ಬರೆಯಲಾಗಿತ್ತು. ಅದು ಸಂಬಂಧಪಟ್ಟ ಅಧಿಕಾರಿಗೆ ತಿಳಿದುದು ೧೯೫೧ರ ಮೇ ತಿಂಗಳಲ್ಲಿ. ನಡುವಿನ ಸುಮಾರು ಎರಡು ವರ್ಷ ಆಜ್ಞೆ ಕಡತದಲ್ಲಿ ನಿದ್ರಿಸುತ್ತಿತ್ತು. ಕಡತದಲ್ಲಿ ಬರೆದಿಟ್ಟ ಮಾತ್ರಕ್ಕೆ ವಜಾ ಆಜ್ಞೆ ಪರಿಣಾಮಕಾರಿಯಾಗದು, ಅದನ್ನು ನೌಕರನಿಗೆ ತಿಳಿಯಪಡಿಸಬೇಕು, ಅಥವಾ ಪ್ರಕಟಿಸಬೇಕು ಎಂದು ೧೯೬೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾರಿತು. ಆ ತೀರ್ಪು ಮುದತನ್ನು ಕುರಿತು ಬಂದುದಲ್ಲ, ಆಜ್ಞೆಯ ಪರಿಣಾಮವನ್ನು ಕುರಿತು ಬಂದುದು. ಆದರೂ ಆಜ್ಞೆ ಪರಿಣಾಮಕ್ಕೆ ಬಾರದೆ ಅದರ ವಿರುದ್ಧ ಹಕ್ಕು ಹುಟ್ಟುವುದೆಂತು? ನೌಕರನು ಆಜ್ಞೆಯ ಲಕೋಟೆಯನ್ನು ಅಂಚೆಯ ಮುದ್ರೆ ಸಹಿತ ಜೋಪಾನವಾಗಿ ಇಟ್ಟುಕೊಳ್ಳಬೇಕಾದುದು ಈ ಕಾರಣದಿಂದ. ಆಜ್ಞೆಯ ತಲೆಯ ಮೇಲಿನ ತಾರೀಖೊಂದು, ಅದು ಕೈಸೇರಿದ ತಾರೀಖು ಇನ್ನೊಂದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಹೇಳಿಬಿಡಬೇಕು. ಇದು ವಕೀಲರಲ್ಲಿಯೂ ಬಹುಕಾಲ ಬೇರೂರಿತ್ತು. ವಿಚಾರಣೆ ನಡೆಸದೆ, ಸಮಜಾಯಿಷಿ ಕೇಳದೆ ಮಾಡಿದ ವಜಾ ಮೂಲದಲ್ಲಿಯೇ ಅಸಿಂಧು. ಅಸಿಂಧುವಾದುದು ಇಲ್ಲದುದಕ್ಕೆ ಸಮಾನ. ಇಲ್ಲದ ಆಜ್ಞೆಯ ವಿರುದ್ಧ ಮುದತು ಓಡುವುದೆಲ್ಲಿಂದ? ತರ್ಕವೇನೋ ಸೊಗಸಾಗಿದೆ. ಪಂಜಾಬಿನ ಕೆಲವು ನೌಕರರು ಇದನ್ನೇ ನಂಬಿ ಮೂರು ವರ್ಷಗಳು ಕಳೆದ ಮೇಲೆ ದಾವೆ ಹೂಡಿದರು. ಉಚ್ಚ ನ್ಯಾಯಾಲಯದಲ್ಲಿ ಗೆದ್ದೂ ಗೆದ್ದರು. ೧೯೯೧ರಲ್ಲಿ ಪಂಜಾಬ ರಾಜ್ಯ ಮತ್ತು ಗುರುದೇವಸಿಂಗ್ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ತರ್ಕವನ್ನು ಒಪ್ಪಲಿಲ್ಲ. ತೀರ್ಪನ್ನು ಬರೆದವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧಿಪತಿಗಳಾಗಿದ್ದ ಕೆ. ಜಗನ್ನಾಥ ಶೆಟ್ಟಿಯವರು. ಅಸಿಂಧುವಾದ ಆಜ್ಞೆಯ ಹಣೆಯ ಮೇಲೆ ಅಸಿಂಧುವೆಂದು ಬರೆದಿರುವುದಿಲ್ಲ. ನ್ಯಾಯಾಲಯವು ಹಾಗೆಂದು ಸಾರುವ ವರೆಗೂ ಅದು ವ್ಯವಹಾರದಲ್ಲಿ ಸಿಂಧುವಾದ ಆಜ್ಞೆಯಂತೆಯೇ ನಡೆಯುತ್ತದೆ. ಆದುದರಿಂದ ಹಾಗೆ ಸಾರಿಸಿಕೊಳ್ಳಬೇಕಾದವನು ಮೂರು ವರ್ಷಗಳೊಳಗೆ ಬರಲೇಬೇಕು ಎಂಬುದು ಅವರ ವಿವೇಚನೆಯ ತಾತ್ಪರ್ಯ. ಅನ್ಯಾಯವು ಎಷ್ಟು ಸ್ಪಷ್ಟವಾಗಿದ್ದರೂ ಗಡಿಯಾರ ಒಂದೇ ವೇಗದಲ್ಲಿ ಓಡುತ್ತದೆಂದು ಇದರಿಂದ ತಿಳಿಯಬೇಕು.

ಇನ್ನು ಮೇಲ್ಮನವಿಯ ವಿಚಾರ. ನಮ್ಮ ನೌಕರವರ್ಗದ ನಷ್ಟಗಳಲ್ಲಿ ದೊಡ್ಡ ಪಾಲು ಆಗುವುದು ಇಲ್ಲಿಯೇ. ಆದುದರಿಂದ ಇಲ್ಲಿ ತುಸು ನಿಧಾನಿಸಿ ನೋಡುವುದು ಯೋಗ್ಯ. ಮಧ್ಯಪ್ರದೇಶದ ಎಸ್. ಎಸ್. ರಾಠೋಡ್ ಎಂಬ ಸರಕಾರಿ ನೌಕರರ ಮೊಕದ್ದಮೆಯನ್ನು ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ಅವರನ್ನು ಕಲೆಕ್ಟರರು ೧೯೬೬ರ ಜನವರಿ ೧೩ರಂದು ವಜಾ ಮಾಡಿದರು. ಅವರು ವಿಭಾಗೀಯ ಕಮಿಶನರರಿಗೆ ಅಪೀಲು ಮಾಡಿದರು. ಅದು ಅದೇ ವರ್ಷದ ಆಗಸ್ಟ್ ೩೧ರಂದು ತಿರಸ್ಕೃತವಾಗಿ, ಆ ಸಂಗತಿ ಅವರಿಗೆ ಸೆಪ್ಟೆಂಬರ್ ೧೯ರಂದು ತಿಳಿಯಿತು. ದಾವೆ ದಾಖಲಾದುದು ೧೯೬೯ರ ಸೆಪ್ಟೆಂಬರ್ ೩೦ರಂದು. ಈಗ ಎಣಿಸಿ ನೋಡಿ. ಸರಕಾರದ ಮೇಲೆ ದಾವೆ ಹೂಡುವ ಮುನ್ನ ದಿವಾಣಿ ಸಂಹಿತೆಯ ೮೦ನೆಯ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು. ಆ ಎರಡು ತಿಂಗಳನ್ನು ಮುದತಿನ ಲೆಕ್ಕದಿಂದ ಬಿಡಲಾಗುತ್ತದೆ. ವಜಾ ಆದ ದಿನದಿಂದ ಎಣಿಸಿದರೆ ಮೂರು ವರ್ಷ ಎರಡು ತಿಂಗಳು ೧೯೬೯ರ ಮಾರ್ಚಿಗೇ ಮುಗಿದುಹೋಗುತ್ತದೆ, ದಾವೆ ಸತ್ತಂತೆಯೇ. ಅಪೀಲಿನ ತೀರ್ಮಾನ ತಿಳಿದ ದಿನದಿಂದ ಎಣಿಸಿದರೆ ನವೆಂಬರಿನ ಮಧ್ಯದವರೆಗೆ ಅವಕಾಶವಿದ್ದು ದಾವೆ ಬದುಕುತ್ತದೆ. ಕೆಳಗಿನ ನ್ಯಾಯಾಲಯಗಳು ಮೊದಲನೆಯ ಲೆಕ್ಕವನ್ನು ಹಿಡಿದುವು. ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧಿಪತಿಗಳ ಪೀಠ ಎರಡನೆಯದೇ ಸರಿಯೆಂದು ತೀರ್ಮಾನಿಸಿತು. ಅಷ್ಟರಲ್ಲಿ ವಜಾ ಆಗಿ ಇಪ್ಪತ್ತಮೂರು ವರ್ಷಗಳು ಸಂದಿದ್ದುವು.

ಆ ತೀರ್ಪಿನ ಮಾತನ್ನು ಅದರ ಮಿತಿಯೊಡನೆ ನೆನಪಿಡಬೇಕು. ಸೇವಾನಿಯಮಗಳಲ್ಲಿಯೇ ಅಪೀಲನ್ನಾಗಲಿ ಮನವಿಯನ್ನಾಗಲಿ ವಿಧಿಸಿದ್ದರೆ, ಅದರ ಮೇಲೆ ಕೊನೆಯ ಆಜ್ಞೆ ಬಂದ ದಿನ ವ್ಯಾಜ್ಯಕಾರಣ ಒದಗುತ್ತದೆ. ಆರು ತಿಂಗಳವರೆಗೆ ಏನೂ ಉತ್ತರ ಬಾರದಿದ್ದರೆ ಆ ಆರು ತಿಂಗಳು ಮುಗಿದ ದಿನವೇ ಆರಂಭದ ದಿನ. ಆದರೆ ನಿಯಮದಲ್ಲಿ ಇಲ್ಲದ ಮನವಿಗಳನ್ನು, ಒಂದು ತಿರಸ್ಕೃತವಾದೊಡನೆ ಮತ್ತೊಂದರಂತೆ, ಕಾರ್ಯದರ್ಶಿಗಳಿಗೂ ಮಂತ್ರಿಗಳಿಗೂ ಬರೆಯುತ್ತ ಹೋದರೆ ಅದರಿಂದ ಮುದತು ಒಂದು ದಿನವೂ ಬೆಳೆಯುವುದಿಲ್ಲ. ಕೇಂದ್ರ ಸರಕಾರದ ನೌಕರರಿಗೆ ೧೯೮೫ರ ಆಡಳಿತ ನ್ಯಾಯಮಂಡಳಿಗಳ ಕಾಯಿದೆ ಇನ್ನೂ ಬಿಗಿಯಾದುದು: ಅದರ ೨೧ನೆಯ ಕಲಮಿನಂತೆ ಕೊನೆಯ ಆಜ್ಞೆಯಿಂದ ಒಂದೇ ವರ್ಷ, ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು ಆಮೇಲೆ ಒಂದು ವರ್ಷ. ಅಲ್ಲಿ ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಉಂಟೆಂಬುದಷ್ಟೇ ಸಮಾಧಾನ.

ನಮ್ಮ ಜನರ ಸ್ವಭಾವಕ್ಕೆ ಈ ನಿಯಮ ಒಗ್ಗುವುದಿಲ್ಲ. ಕೋರ್ಟಿಗೆ ಹೋಗುವುದೆಂದರೆ ಮೇಲಿನವರೊಡನೆ ಹಗೆ ಕಟ್ಟಿಕೊಂಡಂತೆ ಎಂಬ ಭಾವನೆ ಇನ್ನೂ ಇದೆ. ವಿನಯದಿಂದ ಅರ್ಜಿ ಬರೆದು, ನೆನಪೋಲೆ ಬರೆದು, ಪರಿಚಿತರ ಮೂಲಕ ಹೇಳಿಸಿ ಕಾಯುವುದು ಸಭ್ಯತೆಯೆಂದು ಭಾವಿಸುವರು. ‘ನಿಮ್ಮ ಅರ್ಜಿ ಪರಿಶೀಲನೆಯಲ್ಲಿದೆ’ ಎಂಬ ಎರಡು ಸಾಲಿನ ಉತ್ತರ ಬಂದರೆ ವರ್ಷಗಟ್ಟಲೆ ನೆಮ್ಮದಿಯಿಂದಿರುವರು. ಆ ಎರಡು ಸಾಲಿಗೆ ಕಾಯಿದೆಯ ದೃಷ್ಟಿಯಲ್ಲಿ ಬೆಲೆಯೇನೂ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ಉರುಲೊಂದಿದೆ. ಹತ್ತಾರು ವರ್ಷ ಸುಮ್ಮನಿದ್ದವನು ಹೊಸದಾಗಿ ಒಂದು ಮನವಿ ಕೊಡುತ್ತಾನೆ, ಅದಕ್ಕೆ ಉತ್ತರವಿಲ್ಲವೆಂದು ನ್ಯಾಯಮಂಡಳಿಗೆ ಹೋಗುತ್ತಾನೆ, ಮಂಡಳಿ ಗುಣಾವಗುಣಗಳಿಗೆ ಹೋಗದೆ, ಮನವಿಯನ್ನು ಪರಿಶೀಲಿಸಿರೆಂದು ಇಲಾಖೆಗೆ ಸೂಚಿಸುತ್ತದೆ, ಇಲಾಖೆ ತಿರಸ್ಕರಿಸುತ್ತದೆ, ಈ ತಿರಸ್ಕಾರವೇ ಹೊಸ ವ್ಯಾಜ್ಯಕಾರಣವೆಂದು ಅವನು ಮತ್ತೆ ಬರುತ್ತಾನೆ. ತಮಿಳುನಾಡಿನ ಭೂವಿಜ್ಞಾನ ಮತ್ತು ಗಣಿ ಇಲಾಖೆಯಿಂದ ೧೯೮೨ರಲ್ಲಿ ಬಿಡುಗಡೆಯಾದ ನೌಕರನೊಬ್ಬನು ೨೦೦೦ದಲ್ಲಿ ಮನವಿ ಕೊಟ್ಟು ಇದೇ ದಾರಿಯನ್ನು ಹಿಡಿದಿದ್ದನು. ಸಿ. ಜೇಕಬ್ ಎಂಬವರ ಆ ಮೊಕದ್ದಮೆಯಲ್ಲಿ ೨೦೦೮ರಲ್ಲಿ ತೀರ್ಪು ಬರೆದ ಆರ್. ವಿ. ರವೀಂದ್ರನ್ ಅವರು (ಇವರೂ ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಮೇಲೆ ಹೋದವರೇ) ಈ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಬಿಚ್ಚಿ ತೋರಿಸಿದರು. ಸತ್ತ ಹಕ್ಕಿಗೆ ಉತ್ತರ ಕೊಟ್ಟ ಮಾತ್ರದಿಂದ ಅದು ಮತ್ತೆ ಜೀವ ತಳೆಯುವುದಿಲ್ಲ. ಪರಿಶೀಲಿಸಿರೆಂಬ ಸೂಚನೆಯೂ ಅದಕ್ಕೆ ಜೀವ ಕೊಡಲಾರದು. ಇದು ನಿಷ್ಠುರವೆಂದು ತೋರಬಹುದು. ಆದರೆ ಹದಿನೆಂಟು ವರ್ಷಗಳ ನಂತರ ಇಲಾಖೆಯಲ್ಲಿ ಹಳೆಯ ಕಡತವೂ ಉಳಿದಿರುವುದಿಲ್ಲ, ಆಗಿನ ಅಧಿಕಾರಿಗಳೂ ಇರುವುದಿಲ್ಲ. ಆಪಾದನೆ ನಿಜವಿದ್ದಿತೋ ಸುಳ್ಳಾಗಿತ್ತೋ ಎಂಬುದನ್ನು ಆಗ ಯಾರು ಹೇಳಬೇಕು? ಮುದತಿನ ನಿಯಮ ಹುಟ್ಟಿದುದೇ ಈ ಕಾರಣದಿಂದ.

ಇದುವರೆಗೆ ಹೇಳಿದುದು ಒಂದೇ ಪೆಟ್ಟಿನ ಅನ್ಯಾಯ. ಸಂಬಳದ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ತಿಂಗಳು ತಿಂಗಳೂ ಹತ್ತು ರೂಪಾಯಿ ಕಡಮೆ ಕೊಟ್ಟರೆ ಅದು ಒಂದು ಅನ್ಯಾಯವೋ, ತಿಂಗಳಿಗೊಂದರಂತೆ ಹಲವು ಅನ್ಯಾಯಗಳೋ? ಈ ಭೇದದ ಬುನಾದಿಯನ್ನು ಹಾಕಿದ ತೀರ್ಪು ಪುಣೆಯ ಬಳಿಯ ಆಳಂದಿಯ ದೇವಸ್ಥಾನದಿಂದ ಹೊರಟುದು. ಜ್ಞಾನೇಶ್ವರ ಮಹಾರಾಜರ ಸಮಾಧಿಯಲ್ಲಿ ಪೂಜೆ ಮಾಡುತ್ತಿದ್ದ ಗುರವರನ್ನು ಸಂಸ್ಥಾನದ ಪಂಚರು ೧೯೧೧ರಲ್ಲಿ ಸೇವೆಯಿಂದ ತೆಗೆದುಹಾಕಿದರು. ಗುರವರು ಬಹಳ ವರ್ಷಗಳ ನಂತರ ತಮ್ಮ ವಂಶಪರಂಪರೆಯ ಹಕ್ಕನ್ನು ಮುಂದಿಟ್ಟು ಮತ್ತೆ ದಾವೆ ಹೂಡಿ, ತಾವು ಪೂಜೆಯಿಲ್ಲದೆ ಕಳೆಯುವ ಪ್ರತಿದಿನವೂ ಹೊಸ ಅನ್ಯಾಯವೆಂದು ವಾದಿಸಿದರು. ೧೯೫೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪರವಾಗಿ ಪಿ. ಬಿ. ಗಜೇಂದ್ರಗಡಕರರು (ಅಡ್ಡಹೆಸರಿನಲ್ಲಿಯೇ ನಮ್ಮ ಗಜೇಂದ್ರಗಡವನ್ನು ಹೊತ್ತವರು) ಕೊಟ್ಟ ಉತ್ತರವನ್ನು ಇಂದಿಗೂ ಎಲ್ಲ ನ್ಯಾಯಾಲಯಗಳೂ ಉದ್ಧರಿಸುತ್ತವೆ. ಅನ್ಯಾಯವೇ ಮುಂದುವರಿಯುತ್ತಿದ್ದರೆ ಅದು ನಿರಂತರ ಅನ್ಯಾಯ; ಅನ್ಯಾಯ ಒಮ್ಮೆ ಮುಗಿದು ಅದರ ಪರಿಣಾಮ ಮಾತ್ರ ಮುಂದುವರಿಯುತ್ತಿದ್ದರೆ ಅದು ನಿರಂತರ ಅನ್ಯಾಯವಲ್ಲ. ಕೈ ಮುರಿದವನ ನೋವು ವರ್ಷಗಟ್ಟಲೆ ಇರಬಹುದು, ಹೊಡೆತ ಮಾತ್ರ ಒಂದೇ. ಗುರವರನ್ನು ಹೊರಹಾಕಿದ ದಿನವೇ ಅವರ ಹಕ್ಕಿಗೆ ಭಂಗ ಪೂರ್ತಿಯಾಗಿತ್ತು. ಅವರು ಸೋತರು.

ಸಂಬಳದ ಬಾಕಿಗೆ ಈ ತತ್ತ್ವ ಹೇಗೆ ಹೊಂದುತ್ತದೆಂಬುದಕ್ಕೆ ಮಾಧವ ಲಕ್ಷ್ಮಣ ವೈಕುಂಠೆ ಮತ್ತು ಮೈಸೂರು ರಾಜ್ಯ ಎಂಬ ೧೯೬೧ರ ತೀರ್ಪು ಒಳ್ಳೆಯ ನಿದರ್ಶನ. ಮುಂಬಯಿ ಸರಕಾರದಲ್ಲಿ ಮಾಮಲೇದಾರರಾಗಿದ್ದು ಡೆಪ್ಯುಟಿ ಕಲೆಕ್ಟರರ ಸ್ಥಾನದಲ್ಲಿ ಕೆಲಸ ನೋಡುತ್ತಿದ್ದ ಅಧಿಕಾರಿಯನ್ನು ೧೯೪೮ರಲ್ಲಿ ಶಿಕ್ಷಾರೂಪವಾಗಿ ಹಿಂದಿನ ಸ್ಥಾನಕ್ಕೆ ಇಳಿಸಲಾಯಿತು. ಅವರು ೧೯೫೩ರಲ್ಲಿ ನಿವೃತ್ತರಾಗಿ ೧೯೫೪ರಲ್ಲಿ ದಾವೆ ಹೂಡಿದರು. ವ್ಯಾಜ್ಯ ನಡೆಯುತ್ತಿರುವಾಗಲೇ ೧೯೫೬ರ ರಾಜ್ಯ ಪುನರ್ರಚನೆಯಾಗಿ ಮುಂಬಯಿ ರಾಜ್ಯ ನಿಂತಿದ್ದ ಸ್ಥಳದಲ್ಲಿ ಮೈಸೂರು ರಾಜ್ಯ ಬಂದು ನಿಂತಿತು. ಹಿಂಬಡತಿ ವಿಧಿಪೂರ್ವಕವಾಗಿ ನಡೆದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಆದರೆ ಸಂಬಳದ ವ್ಯತ್ಯಾಸವನ್ನು ಕೊಡಿಸುವಾಗ ದಾವೆಗೆ ಹಿಂದಿನ ಮೂರು ವರ್ಷ ಮತ್ತು ನೋಟೀಸಿನ ಎರಡು ತಿಂಗಳು ಇಷ್ಟಕ್ಕೇ ಮಿತಿಗೊಳಿಸಿತು. ಸರಕಾರಿ ನೌಕರನ ಸಂಬಳವೂ ಕಾಯಿದೆಯ ಅರ್ಥದಲ್ಲಿ ವೇತನವೇ ಎಂದು ೧೯೪೭ರಲ್ಲಿಯೇ ಫೆಡರಲ್ ನ್ಯಾಯಾಲಯ ಹೇಳಿದ್ದಿತು. ವೇತನ ತಿಂಗಳಿಗೊಮ್ಮೆ ಸಲ್ಲತಕ್ಕದ್ದು. ಆದುದರಿಂದ ಪ್ರತಿ ತಿಂಗಳ ಬಾಕಿಗೂ ಅದರದರ ಮೂರು ವರ್ಷ. ಹೀಗೆ ೧೯೪೮ರಿಂದ ೧೯೫೧ರ ವರೆಗಿನ ತಿಂಗಳುಗಳ ಬಾಕಿ ಒಂದೊಂದಾಗಿ ಕಾಲಗರ್ಭವನ್ನು ಸೇರಿತ್ತು. ವಾದದಲ್ಲಿ ಗೆದ್ದವನಿಗೂ ಹಣದಲ್ಲಿ ಅರ್ಧವೇ ಗೆಲವು.

ಸಂಬಳವನ್ನು ನಿಗದಿಪಡಿಸುವಾಗಲೇ ತಪ್ಪಾಗಿ ನೌಕರಿಯುದ್ದಕ್ಕೂ ಕಡಮೆ ಬರುತ್ತಿದ್ದರೆ? ೧೯೭೮ರಲ್ಲಿ ರೈಲ್ವೆಗೆ ಸೇರಿದ ಎಂ. ಆರ್. ಗುಪ್ತಾ ಎಂಬವರು ೧೯೮೯ರಲ್ಲಿ ನ್ಯಾಯಮಂಡಳಿಗೆ ಹೋದಾಗ, ಹನ್ನೊಂದು ವರ್ಷ ತಡವಾಯಿತೆಂದು ಅವರ ಅರ್ಜಿಯನ್ನು ತಳ್ಳಿಹಾಕಲಾಯಿತು. ೧೯೯೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಿದ್ದಿ, ನಿಯಮಕ್ಕೆ ವಿರುದ್ಧವಾಗಿ ಲೆಕ್ಕ ಹಾಕಿದ ಸಂಬಳವನ್ನು ಕೊಡುವ ಪ್ರತಿ ತಿಂಗಳೂ ಹೊಸ ವ್ಯಾಜ್ಯಕಾರಣ ಒದಗುತ್ತದೆಂದು ಹೇಳಿತು. ನೌಕರಿಯಲ್ಲಿರುವ ವರೆಗೂ ಸಂಬಳವನ್ನು ಸರಿಪಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ. ಹಳೆಯ ಬಾಕಿ ಮಾತ್ರ ಮುದತಿಗೆ ಒಳಪಡುತ್ತದೆ. ೧೯೮೩ರಲ್ಲಿ ಅಸ್ವಸ್ಥತೆಯ ಕಾರಣದಿಂದ ಸೈನ್ಯದಿಂದ ಬಿಡುಗಡೆಯಾಗಿ ೧೯೯೯ರಲ್ಲಿ ಅಂಗವೈಕಲ್ಯದ ಪಿಂಚಣಿಯನ್ನು ಕೇಳಿಕೊಂಡು ಬಂದ ತರ್ಸೇಮ್‌ಸಿಂಗರ ಮೊಕದ್ದಮೆಯಲ್ಲಿಯೂ ೨೦೦೮ರಲ್ಲಿ ಇದೇ ನಿಯಮ ನಡೆಯಿತು. ಪಿಂಚಣಿ ದೊರೆಯಿತು, ಹಿಂದಿನ ಹದಿನಾರು ವರ್ಷಗಳ ಬಾಕಿಯ ಬದಲು ಸುಮಾರು ಮೂರು ವರ್ಷಗಳದಷ್ಟೇ ದೊರೆಯಿತು. ಆದರೆ ಬಡತಿ, ಜ್ಯೇಷ್ಠತೆ ಮೊದಲಾದ ವಿಷಯಗಳಲ್ಲಿ ಈ ಸೌಲಭ್ಯವಿಲ್ಲವೆಂದು ಅದೇ ತೀರ್ಪು ಎಚ್ಚರಿಸುತ್ತದೆ. ಅಲ್ಲಿ ಹಳೆಯ ಲೆಕ್ಕವನ್ನು ಕೆದಕಿದರೆ ನಡುವೆ ಬಡತಿ ಪಡೆದು ನೆಲೆನಿಂತ ಇತರರ ಸ್ಥಾನ ಅಲುಗುತ್ತದೆ.

ನಾವು ಸಹಜವೆಂದು ತಿಳಿಯುವ ಈ ತಿಂಗಳ ಲೆಕ್ಕ ಎಲ್ಲೆಡೆಯೂ ಸಹಜವಾಗಿ ತೋರಿಲ್ಲ. ಅಮೆರಿಕದ ಅಲಬಾಮಾ ಸಂಸ್ಥಾನದ ಗುಡ್‌ಇಯರ್ ಟಯರ್ ಕಾರಖಾನೆಯಲ್ಲಿ ೧೯೭೯ರಿಂದ ೧೯೯೮ರ ವರೆಗೆ ದುಡಿದ ಲಿಲಿ ಲೆಡ್‌ಬೆಟರ್ ಎಂಬಾಕೆಗೆ, ತನ್ನಂತೆಯೇ ಕೆಲಸ ಮಾಡುವ ಗಂಡಸರಿಗಿಂತ ಕಡಮೆ ಸಂಬಳ ಬರುತ್ತಿದೆಯೆಂಬುದು ನೌಕರಿಯ ಕೊನೆಗಾಲದಲ್ಲಿ ಹೆಸರಿಲ್ಲದ ಒಂದು ಚೀಟಿಯಿಂದ ತಿಳಿಯಿತು. ಅಲ್ಲಿಯ ಕಾಯಿದೆಯಂತೆ ಆಕೆಗಿದ್ದ ಅವಧ ೧೮೦ ದಿನ. ಭೇದ ಮಾಡಿ ಸಂಬಳವನ್ನು ಗೊತ್ತುಪಡಿಸಿದ ದಿನದಿಂದ ಎಣಿಸಬೇಕು, ಆಮೇಲಿನ ಚೆಕ್ಕುಗಳು ಆ ಹಳೆಯ ನಿರ್ಣಯದ ಪರಿಣಾಮ ಮಾತ್ರ ಎಂದು ೨೦೦೭ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಐವರು ನಾಲ್ವರ ಬಹುಮತದಿಂದ ಹೇಳಿತು. ಆಳಂದಿಯ ಗುರವರಿಗೆ ಹೇಳಿದ ಮಾತನ್ನೇ ಅಲ್ಲಿ ಸಂಬಳಕ್ಕೆ ಹೊಂದಿಸಿದಂತಾಯಿತು. ಸಹೋದ್ಯೋಗಿಯ ಸಂಬಳ ಎಷ್ಟೆಂಬುದನ್ನು ಗುಟ್ಟಾಗಿಡುವ ಕಾರಖಾನೆಯಲ್ಲಿ, ೧೮೦ ದಿನಗಳೊಳಗೆ ಭೇದವನ್ನು ಕಂಡುಹಿಡಿ ಎಂಬುದು ಎಂತಹ ನ್ಯಾಯ? ಭಿನ್ನಮತ ಬರೆದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಆಕ್ಷೇಪಣೆ ಇದೇ ಆಗಿದ್ದಿತು. ೨೦೦೯ರ ಜನವರಿಯಲ್ಲಿ ಅಮೆರಿಕದ ಕಾಂಗ್ರೆಸ್ಸು ಆಕೆಯ ಹೆಸರಿನಲ್ಲಿಯೇ ಹೊಸ ಕಾಯಿದೆ ಮಾಡಿ ಪ್ರತಿ ಸಂಬಳದಿಂದಲೂ ಎಣಿಕೆ ಹೊಸದಾಗಿ ಆರಂಭವಾಗುವಂತೆ ಏರ್ಪಡಿಸಿತು. ನಮ್ಮ ಸರ್ವೋಚ್ಚ ನ್ಯಾಯಾಲಯ ಹದಿನಾಲ್ಕು ವರ್ಷ ಮುಂಚೆ ತಲಪಿದ್ದ ಸ್ಥಳವನ್ನು ಅವರು ಶಾಸನದ ಮೂಲಕ ತಲಪಿದರು.

ಕಾರಖಾನೆಯ ಕಾರ್ಮಿಕರ ಮಾರ್ಗ ಬೇರೆ. ಅವರು ದಿವಾಣಿ ನ್ಯಾಯಾಲಯಕ್ಕಿಂತ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವುದೇ ಹೆಚ್ಚು. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ಬಹುಕಾಲ ಮುದತಿನ ಮಾತೇ ಇರಲಿಲ್ಲ. ಮುಂಬಯಿಯ ಗ್ಯಾಸ್ ಕಂಪನಿಯ ಕಾರ್ಮಿಕರು ಹಳೆಯ ಐತೀರ್ಪಿನಂತೆ ಬರಬೇಕಾದ ಹಣವನ್ನು ಕೇಳಿದಾಗ, ಶಾಸನಸಭೆ ಇಡದ ಮುದತನ್ನು ನಾವು ಇಡಲಾರೆವು ಎಂದು ೧೯೬೩ರಲ್ಲಿ ಗಜೇಂದ್ರಗಡಕರರೇ ತೀರ್ಪಿತ್ತರು. ಅದೇ ಪ್ರಶ್ನೆ ನಮ್ಮ ಅಥಣಿಯಿಂದಲೂ ದೆಹಲಿಯ ವರೆಗೆ ಹೋಯಿತು. ಅಥಣಿಯ ಪುರಸಭೆಯ ಕೆಲಸಗಾರರು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ಹೆಚ್ಚು ಹೊತ್ತಿನ ಕೂಲಿಯನ್ನೂ ವಾರದ ರಜೆಯ ದಿನ ದುಡಿದ ಕೂಲಿಯನ್ನೂ ಕೇಳಿದ್ದರು. ಹೊಸ ಮುದತು ಕಾಯಿದೆಯ ೧೩೭ನೆಯ ಅನುಚ್ಛೇದದಂತೆ ಮೂರು ವರ್ಷ ಮೀರಿದುದು ಸಲ್ಲದೆಂಬ ವಾದವನ್ನು ೧೯೬೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪದೆ, ಆ ಅನುಚ್ಛೇದ ದಿವಾಣಿ ನ್ಯಾಯಾಲಯಗಳಿಗೆ ಮಾತ್ರವೆಂದು ಹೇಳಿತು. ವಜಾ ಆದ ಏಳು ವರ್ಷಗಳ ಮೇಲೆ ಬೇಡಿಕೆ ಇಟ್ಟ ಅಜಾಯಬ್‌ಸಿಂಗ್ ಎಂಬ ನೌಕರನನ್ನೂ ನ್ಯಾಯಾಲಯ ೧೯೯೯ರಲ್ಲಿ ಹೊರಗಟ್ಟಲಿಲ್ಲ. ವಿಳಂಬದ ಬೆಲೆಯನ್ನು ಹಿಂಬಾಕಿ ಸಂಬಳದಲ್ಲಿ ಮುರಿದುಕೊಂಡಿತು. ಈ ಔದಾರ್ಯದ ಕಾಲ ಮುಗಿದಿದೆ. ೨೦೧೦ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ವಜಾ ಆದ ಕಾರ್ಮಿಕ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ಪಡೆದನು, ಜೊತೆಗೇ ಮೂರು ವರ್ಷಗಳ ಮುದತನ್ನೂ ಪಡೆದನು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಇನ್ನೂ ಕುಗ್ಗಿಸಿ, ವಿವಾದ ಉದ್ಭವಿಸಿದ ದಿನದಿಂದ ಎರಡು ವರ್ಷಗಳ ಮೇಲೆ ಸಂಧಾನಾಧಿಕಾರಿಯು ಅದನ್ನು ಕೈಗೆತ್ತಿಕೊಳ್ಳಬಾರದೆಂದು ವಿಧಿಸಿದೆ. ಮೂರನೆಯ ಅಂಕಣದ ಪ್ರಶ್ನೆ ಇಲ್ಲಿಯೂ ತಲೆಯೆತ್ತುತ್ತದೆ. ವಿವಾದ ಉದ್ಭವಿಸುವುದು ವಜಾ ಮಾಡಿದ ದಿನವೋ, ಬೇಡಿಕೆಯನ್ನು ಮಾಲಿಕನು ನಿರಾಕರಿಸಿದ ದಿನವೋ? ಬೇಡಿಕೆ ಮತ್ತು ನಿರಾಕರಣೆ ಇಲ್ಲದೆ ಕೈಗಾರಿಕಾ ವಿವಾದವಿಲ್ಲವೆಂದು ಹಳೆಯ ಕಾಯಿದೆಯ ಕೆಳಗೆ ಹೇಳಿದ ತೀರ್ಪುಗಳುಂಟು. ಕಾರ್ಮಿಕನು ಎರಡರಲ್ಲಿ ಮೊದಲು ಬರುವ ದಿನವನ್ನೇ ನಂಬಿ ನಡೆಯುವುದು ಕ್ಷೇಮ.

ಕೂಲಿಯ ವಿಷಯದಲ್ಲಿ ಮಾತ್ರ ಹೊಸ ಸಂಹಿತೆಗಳು ಉದಾರವಾಗಿವೆ. ೧೯೩೬ರ ವೇತನ ಪಾವತಿ ಕಾಯಿದೆ ಅಧಿಕಾರಿಗೆ ಅರ್ಜಿ ಕೊಡಲು ಆರೇ ತಿಂಗಳ ಅವಕಾಶ ಕೊಟ್ಟಿದ್ದಿತು. ೧೯೬೪ರ ತಿದ್ದುಪಡಿ ಅದನ್ನು ಹನ್ನೆರಡು ತಿಂಗಳು ಮಾಡಿತು. ೨೦೧೯ರ ವೇತನ ಸಂಹಿತೆಯಲ್ಲಿ ಅದು ಮೂರು ವರ್ಷವಾಗಿದೆ. ಇನ್ನು ಮುದತು ಮುಗಿಯುವುದರೊಳಗೆ ಮಾಲಿಕನು ಇಷ್ಟು ಬಾಕಿಯಿದೆಯೆಂದು ಬರೆದು ಸಹಿ ಹಾಕಿ ಒಪ್ಪಿಕೊಂಡರೆ, ಮುದತು ಕಾಯಿದೆಯ ೧೮ನೆಯ ಕಲಮಿನಂತೆ ದಾವೆಗೆ ಅಂದಿನಿಂದ ಹೊಸ ಅವಧಿ ದೊರೆಯುತ್ತದೆ. ಬಾಯಿಮಾತಿನ ಒಪ್ಪಿಗೆಗೆ ಈ ಫಲವಿಲ್ಲ. ಮುದತು ಮುಗಿದ ಮೇಲೆ ಬರೆದ ಒಪ್ಪಿಗೆಗೂ ಇಲ್ಲ.

ಕೊನೆಯದಾಗಿ, ನೌಕರನಿಗೇ ತಿಳಿಯದೆ ಅವನ ಮೈಯಲ್ಲಿ ಬೆಳೆಯುವ ಅನ್ಯಾಯವೊಂದಿದೆ. ಕಲ್ಲಿನ ಧೂಳು ಶ್ವಾಸಕೋಶವನ್ನು ಸೇರಿ ಹತ್ತಿಪ್ಪತ್ತು ವರ್ಷಗಳ ಮೇಲೆ ಸಿಲಿಕೋಸಿಸ್ ಆಗಿ ಕಾಣಿಸಿಕೊಳ್ಳುತ್ತದೆ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಇಲ್ಲಿ ಪೆಟ್ಟು ಬಿದ್ದ ದಿನ ಯಾವುದು? ಇಂಗ್ಲೆಂಡಿನ ಉಕ್ಕಿನ ಎರಕದ ಕಾರಖಾನೆಯೊಂದರ ಕೆಲಸಗಾರರು ಇಂಥ ಧೂಳಿನ ರೋಗಕ್ಕಾಗಿ ೧೯೫೬ರಲ್ಲಿ ದಾವೆ ಹೂಡಿದ್ದರು. ರೋಗ ಅವರಿಗೆ ತಿಳಿಯುವ ಮೊದಲೇ ಶ್ವಾಸಕೋಶಕ್ಕೆ ಹಾನಿಯಾಗಿತ್ತು, ಹಾನಿಯಾದ ದಿನದಿಂದಲೇ ಆರು ವರ್ಷ ಓಡಿ ಮುಗಿದಿದೆ ಎಂದು ೧೯೬೩ರಲ್ಲಿ ಪ್ರಭುಸಭೆ, ಒಲ್ಲದ ಮನಸ್ಸಿನಿಂದಲೇ, ತೀರ್ಪು ಕೊಡಬೇಕಾಯಿತು. ಅದೇ ವರ್ಷ ಅಲ್ಲಿಯ ಪಾರ್ಲಿಮೆಂಟು ಹೊಸ ಮುದತು ಕಾಯಿದೆಯನ್ನು ಮಾಡಿ ಅಂಥವರಿಗೆ ದಾರಿ ತೆರೆಯಿತು. ನಮ್ಮ ೧೯೨೩ರ ಕಾರ್ಮಿಕ ಪರಿಹಾರ ಕಾಯಿದೆಯ ೧೦ನೆಯ ಕಲಮು ಈ ಸಂದರ್ಭಕ್ಕೆ ಬೇರೊಂದು ಉಪಾಯವನ್ನು ಮಾಡಿದ್ದಿತು. ಅಪಘಾತವಾದ ದಿನದಿಂದ ಎರಡು ವರ್ಷವೆಂಬುದು ಅದರ ಸಾಮಾನ್ಯ ನಿಯಮ. ಉದ್ಯೋಗಜನ್ಯ ರೋಗವಾದರೆ, ಆ ರೋಗದಿಂದ ಅಶಕ್ತನಾಗಿ ಕಾರ್ಮಿಕನು ಎಡೆಬಿಡದೆ ಕೆಲಸಕ್ಕೆ ಬಾರದೆ ಹೋದ ದಿನಗಳಲ್ಲಿ ಮೊದಲನೆಯದನ್ನೇ ಅಪಘಾತದ ದಿನವೆಂದು ಎಣಿಸಬೇಕು. ಕೆಲಸ ಬಿಟ್ಟು ಎರಡು ವರ್ಷಗಳೊಳಗೆ ರೋಗದ ಲಕ್ಷಣ ಕಾಣಿಸಿದರೆ, ಆ ಲಕ್ಷಣವನ್ನು ಮೊದಲು ಗುರುತಿಸಿದ ದಿನದಿಂದ ಎಣಿಸಬೇಕು. ಗಣಿಯನ್ನು ಬಿಟ್ಟು ಐದಾರು ವರ್ಷ ಊರಲ್ಲಿದ್ದು ಆ ಮೇಲೆ ಕೆಮ್ಮತೊಡಗಿದವನು ಆ ಎರಡು ವರ್ಷಗಳ ಎಲ್ಲೆಯ ಹೊರಗೆ ಉಳಿದನು.